ಇಡ್ಲಿ ಬಟ್ಟೆ

ಚಾಪೆಯ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಬಿಳಿ ಮುಲಾಮನ್ನು ಚಮಚದ ಹಿಂಬದಿಯಿಂದ ಸವರುತ್ತಿದ್ದ ಚೆಲುವಯ್ಯ. ನಡುವಿನಿಂದ ಅಂಚಿಗೆ, ಅಂಚಿನಿಂದ ಮತ್ತೆ ನಡುವಿಗೆ, ಸುತ್ತಿ ಸುತ್ತಿ. ಮೂವತ್ತು ವರ್ಷ ತಟ್ಟೆ ಇಡ್ಲಿಗೆ ಹಿಟ್ಟು ಹುಯ್ದವನು. ಎಡಗೈಯಲ್ಲಿ ಮಾಡಿದರೂ ಅಳತೆ ತಪ್ಪಲಿಲ್ಲ. ಎಲ್ಲೂ ಗಂಟಿಲ್ಲದ ಹಾಗೆ ಹರಡಿದ ಮೇಲೆ ಚಾಪೆಗೆ ಬೆನ್ನು ಮಾಡಿ ಕೂತ. ಬಲಗೈಯನ್ನು ಎದೆಗೆ ಒತ್ತಿ ಹಿಡಿದು, ಎಡ ಮೊಣಕೈ ಊರಿ, ಒಂದೊಂದೇ ಅಂಗುಲ ಹಿಂದಕ್ಕೆ ವಾಲಿದ. ಬೆನ್ನು ಬಟ್ಟೆಗೆ ತಾಗಿದಾಗ ಹಲ್ಲು ಕಚ್ಚಿದ. ಮೊದಲು ತಣ್ಣಗಾಯಿತು, ಆಮೇಲೆ ಉರಿಯಿತು. ಹತ್ತು ನಿಮಿಷ ಅಲುಗಾಡಬಾರದು ಎಂದು ತನಗೆ ತಾನೇ ಹೇಳಿಕೊಂಡು ಸೂರಿನ ಸಿಮೆಂಟು ಶೀಟು ನೋಡುತ್ತ ಮಲಗಿದ.

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಅವನು ಬೇಕಾದಷ್ಟು ಸಲ ಬೇರೆಯವರ ಮೇಲೆ ಪ್ರಯೋಗಿಸಿದ್ದ. ಕಾಣದಿದ್ದರೆ ಹಾಳಾಗಿ ಹೋಗಲಿ, ಕೈಗೂ ಎಟುಕದು ಎಂಬುದು ಅವನಿಗೆ ತಿಳಿದದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ಆಸ್ಪತ್ರೆಯಿಂದ ಬಂದ ಮರುದಿನ. ಎಡಗೈಯನ್ನು ಕುತ್ತಿಗೆ ಮೇಲಿಂದ ಹಾಕಿ ನೋಡಿದ, ಸೊಂಟದ ಕಡೆಯಿಂದ ಹಾಕಿ ನೋಡಿದ. ಬಲ ಹೆಗಲ ಮೂಳೆಯ ಕೆಳಗಿನ ಅಂಗೈಯಗಲದ ಜಾಗ, ಎಲ್ಲಿ ಹೆಚ್ಚು ಸುಟ್ಟಿತ್ತೋ ಸರಿಯಾಗಿ ಅದೇ ಜಾಗ, ಎರಡು ದಾರಿಯಲ್ಲೂ ಸಿಗಲಿಲ್ಲ. ಸೌಟಿನ ಹಿಡಿಗೆ ಹತ್ತಿ ಸುತ್ತಿ ಪ್ರಯತ್ನಿಸಿದ. ಅದು ಹುಣ್ಣಿಗೇ ತಿವಿಯಿತು. ಗೋಡೆ ಹಿಡಿದು ನಿಂತು ಕಣ್ಣೀರು ಸುರಿಸಿದ. ಅದು ನೋವಿಗೋ ಸಿಟ್ಟಿಗೋ ಅವನಿಗೇ ಗೊತ್ತಾಗಲಿಲ್ಲ.

ಬಿಡದಿಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿರುವ ಅನಂತರಾಜುವಿನ ಹೋಟೆಲಿನಲ್ಲಿ ಒಲೆಯ ಯಜಮಾನಿಕೆ ಚೆಲುವಯ್ಯನದು. ಕಾರ್ಖಾನೆಯ ಮೊದಲ ಪಾಳಿಯವರು ಬರುವ ಹೊತ್ತಿಗೆ ಅವನ ಇನ್ನೂರು ಇಡ್ಲಿ ಬೆಂದಿರಬೇಕು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಕೆಳಗೆ ಬಿದ್ದ ತಟ್ಟೆಯೊಂದನ್ನು ಎತ್ತಿಕೊಳ್ಳಲು ಬಗ್ಗಿದ. ಹೆಗಲು ಹಬೆ ಹಂಡೆಯ ಹಿಡಿಗೆ ತಗುಲಿತು, ಹಂಡೆ ವಾಲಿತು. ಕುದಿಯುವ ನೀರು ಬಲ ಹೆಗಲಿನಿಂದ ಬೆನ್ನಿಗೆ, ಕಂಕುಳಿಗೆ, ಅಲ್ಲಿಂದ ಪಕ್ಕೆಗೆ ಇಳಿಯಿತು. ಬನಿಯನ್ನು ಬಿಚ್ಚುವಾಗ ಅದರ ಜೊತೆ ಚರ್ಮವೂ ಬಂತು. ತಪ್ಪು ಯಾರದೂ ಅಲ್ಲ, ತನ್ನದೇ ಎಂದು ಅವನು ರಾಮನಗರದ ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಹೇಳಿದ. ಕೇಳಿದವರೂ ಬಹಳ ಮಂದಿಯೇನಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ನೋವಿಗಿಂತ ಕಷ್ಟವಾದದ್ದು ಸಂಜೆಯ ನಾಲ್ಕು ಗಂಟೆ. ನಾಲ್ಕಾದರೆ ವಾರ್ಡಿನ ಬಾಗಿಲು ತೆರೆದು ಪಕ್ಕದ ಮಂಚಗಳ ಕಡೆಯವರು ಬುತ್ತಿ, ಕಿತ್ತಳೆ, ಒಗೆದ ಟವೆಲು ಹಿಡಿದು ಬರುತ್ತಿದ್ದರು. ಒಬ್ಬಳು ಗಂಡನ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಚೆಲುವಯ್ಯ ಮೂರೂಮುಕ್ಕಾಲಿಗೇ ಬೋರಲು ಮಲಗಿ ಕಣ್ಣು ಮುಚ್ಚಿ, ಐದೂವರೆಯವರೆಗೆ ನಿದ್ದೆ ಬಂದವನ ಹಾಗೆ ಉಸಿರಾಡುತ್ತಿದ್ದ. ಅನಂತರಾಜು ಎರಡು ಸಲ ಬಂದಿದ್ದ, ಎರಡು ಸಲವೂ ಬೆಳಿಗ್ಗೆ. ಸಾತನೂರಿನ ಹತ್ತಿರ ಇದ್ದ ತಂಗಿ ಸಿದ್ದಮ್ಮನಿಗೆ ಫೋನಿನಲ್ಲಿ "ಒಸಿ ಬಿಸಿನೀರು ಬಿತ್ತು ಕಣವ್ವ, ಏನಿಲ್ಲ" ಎಂದಷ್ಟೇ ಹೇಳಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ!

ಆರನೆಯ ವಾರ ಡ್ರೆಸ್ಸಿಂಗ್ ಮಾಡುತ್ತಿದ್ದ ಅಸ್ರಾ ಸಿಸ್ಟರ್ ಕೇಳಿದಳು. "ಮನೇಲಿ ಯಾರಿದಾರೆ? ಯಾರಾದ್ರೂ ಇದ್ರೆ ಮನೆಗೆ ಬಿಡಬಹುದು ಅಂದಿದಾರೆ ಡಾಕ್ಟ್ರು. ಇಲ್ದಿದ್ರೆ ಇನ್ನೂ ಎರಡು ವಾರ ಇಲ್ಲೇ ಇರಿ."

ಇನ್ನೂ ಹದಿನಾಲ್ಕು ದಿನ, ಸಂಜೆಯ ಆ ನಾಲ್ಕು ಗಂಟೆ. ಚೆಲುವಯ್ಯ ದಿಂಬಿಗೆ ಮುಖ ಒತ್ತಿ, "ಅವ್ಳೆ" ಎಂದ.

"ಯಾರು, ಮನೆಯವ್ರಾ? ಹೆಸರೇನು?"

"ರಾಧಾಮಣಿ."

ಆ ಹೆಸರು ಅವನ ಬಾಯಿಗೆ ಹೇಗೆ ಬಂತೆಂದರೆ, ಇಪ್ಪತ್ತಾರು ವರ್ಷದ ಹಿಂದೆ ದೊಡ್ಡಆಲಹಳ್ಳಿಯಲ್ಲಿ ಹೆಣ್ಣು ನೋಡಲು ಹೋಗಿದ್ದ. ಆ ಹೆಸರಿನ ಹುಡುಗಿ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು ಒಳಗೆ ಹೋಗಿದ್ದಳು. ಅವರಪ್ಪ, ನಡುರಾತ್ರಿ ಎರಡಕ್ಕೆ ಎದ್ದು ಒಲೆ ಹಚ್ಚಲು ಹೋಗುವ ಗಂಡ ನಮ್ಮ ಹುಡುಗಿಗೆ ಬೇಡ ಎಂದು ಹೇಳಿಕಳಿಸಿದ. ಆಮೇಲೆ ಚೆಲುವಯ್ಯ ಇನ್ನೊಂದು ಕಡೆ ನೋಡಲು ಹೋಗಲಿಲ್ಲ. ಹೋಗಬಾರದು ಎಂದೇನೂ ಇರಲಿಲ್ಲ, ನಾಳೆ ನಾಳೆ ಎನ್ನುತ್ತ ಕೂದಲು ನೆರೆಯಿತು.

"ಸರಿ ಹಾಗಾದ್ರೆ" ಎಂದು ಸಿಸ್ಟರ್ ವಿವರವಾಗಿ ಹೇಳಿದಳು. ದಿನಾ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ತೊಳೆದ ಕೈಯಿಂದ ಹಗುರವಾಗಿ ಮುಲಾಮು ಹಚ್ಚಬೇಕು. ಗಾಯ ಮುಚ್ಚಿದ ಕಡೆ ಎಣ್ಣೆ ಹಾಕಿ ದಿನಕ್ಕೆ ಮೂರು ಸಲ ನೀವಬೇಕು. ಗೋಡೆಯ ಮೇಲೆ ಬಲಗೈ ಬೆರಳುಗಳನ್ನು ನಡೆಸಿ ದಿನದಿನಕ್ಕೂ ಮೇಲೆ ಹತ್ತಿಸಬೇಕು. "ಸುಟ್ಟ ಚರ್ಮ ಒಣಗ್ತಾ ಒಣಗ್ತಾ ಎಳ್ಕೊಳತ್ತೆ. ನೀವದೇ ಬಿಟ್ರೆ ಕೈ ಪಕ್ಕೆಗೆ ಅಂಟ್ಕೊಂಡುಬಿಡತ್ತೆ. ಆಮೇಲೆ ಆಪರೇಷನ್ನೇ ಗತಿ, ಒಲೆ ಕೆಲಸ ಮರೆತುಬಿಡಿ. ಹದಿನೈದು ದಿನ ಬಿಟ್ಟು ಮಂಗಳವಾರ ಬನ್ನಿ. ಅವರನ್ನೂ ಕರ್ಕೊಂಡ್ ಬನ್ನಿ, ನೀವೋದು ಹೇಗೆ ಅಂತ ನಾನೇ ತೋರಿಸ್ಕೊಡ್ತೀನಿ."

"ಆಗ್ಲಿ" ಎಂದ, ಕರೆದುಕೊಂಡು ಬರಲು ಅವಳು ಮನೆಯಲ್ಲಿ ಕಾಯುತ್ತಿದ್ದಾಳೆ ಎನ್ನುವವನ ಹಾಗೆ.

ಬಿಡದಿಯಲ್ಲಿ ಅವನು ಇದ್ದದ್ದು ಆರು ಬಾಗಿಲಿನ ಒಂದು ವಠಾರ. ಪಕ್ಕದ ಬಾಗಿಲಿನ ಹಫೀಜಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು, ಅರವತ್ತರ ಹತ್ತಿರದ ಹೆಂಗಸು. ಅವನು ಆಸ್ಪತ್ರೆಯಿಂದ ಬಂದ ದಿನವೇ ಗಂಜಿ ತಂದು ಹೊಸ್ತಿಲ ಆಚೆ ಇಟ್ಟು, ಬಾಗಿಲ ಪಕ್ಕ ನಿಂತು ಕೂಗಿದಳು. "ಚೆಲುವಣ್ಣ, ಗಂಜಿ ಐತೆ, ತಗೊಳ್ಳಿ. ಏನಾದ್ರೂ ಬೇಕಾದ್ರೆ ಗೋಡೆ ಬಡೀರಿ." ಗೋಡೆ ಬಡಿದು ಏನೆಂದು ಹೇಳುವುದು? ಅಂಗಿ ಬಿಚ್ಚಿದ್ದೇನೆ, ಒಳಗೆ ಬಂದು ಬೆನ್ನು ಸವರಿ ಎಂದೇ? ಆರು ಬಾಗಿಲಿಗೆ ಹನ್ನೆರಡು ಕಿವಿ. ಪುಣ್ಯಾತ್ಗಿತ್ತಿಯ ಹೆಸರು ತನ್ನಿಂದ ಕೆಡುವುದು ಬೇಡ ಎಂದು ಚೆಲುವಯ್ಯ ಗಂಜಿ ಕುಡಿದು, ಪಾತ್ರೆ ತೊಳೆದು, ಹೊಸ್ತಿಲ ಆಚೆ ಇಟ್ಟ.

ಮೂರನೆಯ ದಿನ ಅನಂತರಾಜು ಬಂದ. ಹಾರ್ಲಿಕ್ಸು, ಒಂದು ಡಜನ್ ಏಲಕ್ಕಿ ಬಾಳೆ ತಂದಿದ್ದ. ರೂಮಿನಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು, ನಿನ್ನ ಜಾಗಕ್ಕೆ ಬಂದವನು ಇಡ್ಲಿಯನ್ನು ಕಲ್ಲು ಮಾಡುತ್ತಾನೆ, ಗಿರಾಕಿಗಳು ಬೈಯುತ್ತಾರೆ ಎಂದ. ಚೆಲುವಯ್ಯನಿಗೆ ಒಳಗೊಳಗೇ ಖುಷಿಯಾಯಿತು.

"ಬೇಗ ಬಾರ್ಲಾ. ಏನ್ ಬೇಕೋ ಕೇಳು, ಸಂಕೋಚ ಮಾಡ್ಕಬ್ಯಾಡ. ನೀನೇನು ಹೊರಗ್ನವ್ನಾ?"

ಆಗ ಕೇಳಬಹುದಾಗಿತ್ತು. ಐದು ನಿಮಿಷದ ಕೆಲಸ, ದಿನಾ ಒಬ್ಬರನ್ನು ಕಳಿಸು ಎಂದರೆ ಅನಂತರಾಜು ಇಲ್ಲ ಎನ್ನುತ್ತಿರಲಿಲ್ಲ. ಕೇಳಿದರೆ ನಾಲಗೆ ಸವೆಯುತ್ತದೆಯೇ? ಆದರೆ ಮೂವತ್ತು ವರ್ಷ ಒಲೆಯ ಮುಂದೆ ನಿಂತು, ಹೋಟೆಲಿಗೆ ಬಂದವರೆಲ್ಲರ ಬಾಯಿಯಲ್ಲಿ 'ಇನ್ನೊಂದು ಹಾಕಿ' ಎನ್ನಿಸಿಕೊಂಡವನಿಗೆ ತನ್ನ ಬಾಯಿಯಲ್ಲಿ ಒಂದು ಬೇಡಿಕೆ ಹೊರಡುವುದು ಹೆರಿಗೆಯಷ್ಟು ಕಷ್ಟವಾಗಿತ್ತು. ಕೊನೆಗೆ ಕೇಳಿದ.

"ಹಳೇ ಇಡ್ಲಿ ಬಟ್ಟೆ ಇದ್ರೆ ಒಂದಾರು ಕಳ್ಸಿ. ಸೋಡಾ ಹಾಕಿ ಕುದ್ಸಿರೋವು."

"ಇಡ್ಲಿ ಬಟ್ಟೆನಾ? ಯಾತಕ್ಲಾ?"

"ಇರ್ಲಿ, ಬೇಕು."

ಅನಂತರಾಜು ಅವನ ಮುಖ ನೋಡಿ, ಸುಟ್ಟದ್ದು ಬೆನ್ನು ಮಾತ್ರ ತಾನೇ ಎಂದು ಅನುಮಾನಪಟ್ಟುಕೊಂಡು ಹೋದ. ಸಂಜೆಗೆ ಆರು ಬಟ್ಟೆ ಬಂದವು.

ಚೆಲುವಯ್ಯನ ಉಪಾಯ ಅವನ ಕಸುಬಿನಿಂದಲೇ ಹುಟ್ಟಿದ್ದು. ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹುಯ್ಯುತ್ತಾರೆ. ಬೆಂದ ಮೇಲೆ ಬೋರಲು ಹಾಕಿ, ಬಟ್ಟೆಯ ಬೆನ್ನಿಗೆ ನೀರು ಚಿಮುಕಿಸಿ, ಒಂದು ಗಳಿಗೆ ತಾಳಿ, ಅಂಚಿನಿಂದ ಸುಲಿಯುತ್ತಾರೆ. ಅವಸರ ಮಾಡಿದರೆ ಇಡ್ಲಿಯ ಮುಖ ಬಟ್ಟೆಗೆ ಹೋಗುತ್ತದೆ. ಕೈ ಎಟುಕದಿದ್ದರೆ ಏನಂತೆ, ಮುಲಾಮನ್ನು ಬಟ್ಟೆಗೆ ಹಚ್ಚಿ ಅದರ ಮೇಲೆ ತಾನೇ ಮಲಗಿದರಾಯಿತು. ಒಣಗಿ ಅಂಟಿಕೊಂಡರೆ ನಲ್ಲಿಯ ಕೆಳಗೆ ಕೂತು ನೆನೆಸಿ, ತಾಳ್ಮೆಯಿಂದ ಸುಲಿದರಾಯಿತು. ಮೊದಲ ದಿನ ಬಟ್ಟೆ ನೋವಿಲ್ಲದೆ ಬಿಟ್ಟುಕೊಂಡಾಗ ಅವನು ರೂಮಿನಲ್ಲಿ ಒಬ್ಬನೇ ನಕ್ಕ. ಯಾರ ಹಂಗೂ ಇಲ್ಲದೆ ನಡೆಯಿತಲ್ಲ ಎಂದು ಎದೆ ಉಬ್ಬಿತು. ಉಬ್ಬಿದ್ದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಆದರೆ ಬೆನ್ನು ತಟ್ಟೆಯ ಹಾಗೆ ಮಟ್ಟಸವಲ್ಲ. ಹೆಗಲ ಮೂಳೆ, ಪಕ್ಕೆಲುಬು ಬಟ್ಟೆಗೆ ತಾಗಿದವು. ಎರಡರ ನಡುವಿನ ತಗ್ಗು, ಕಂಕುಳಿನ ಹಿಂದಿನ ಮಡಿಕೆ ತಾಗಲಿಲ್ಲ. ಅಲ್ಲಿಗೆ ಮುಲಾಮೂ ಇಲ್ಲ, ಎಣ್ಣೆಯೂ ಇಲ್ಲ. ಗೋಡೆಯ ಮೇಲೆ ಬೆರಳು ಹತ್ತಿಸಿ ದಿನಾ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದ. ಐದನೆಯ ದಿನ ಗೀಟು ಗಲ್ಲದ ಎತ್ತರಕ್ಕೆ ಬಂದಿತ್ತು, ಒಂಬತ್ತನೆಯ ದಿನವೂ ಅಲ್ಲೇ ಇತ್ತು, ಹನ್ನೆರಡನೆಯ ದಿನ ಎರಡು ಬೆರಳು ಕೆಳಗಿಳಿಯಿತು. ಕೈ ಎತ್ತಿದರೆ ಕಂಕುಳಿನಲ್ಲಿ ಯಾರೋ ಹಗ್ಗ ಹಿಡಿದು ಎಳೆಯುತ್ತಿದ್ದರು. ಚೆಲುವಯ್ಯನಿಗೆ ನಿಜವಾಗಿ ಭಯವಾಯಿತು. ಈ ಕೈ ಎದ್ದರೆ ಒಲೆ, ಒಲೆ ಇದ್ದರೆ ತಾನು. ಕೈ ಪಕ್ಕೆಗೆ ಅಂಟಿದರೆ ಈ ರೂಮಿನಲ್ಲಿ ಕೂತು ಶೀಟು ನೋಡುವುದು ಬಿಟ್ಟರೆ ಬೇರೆ ಏನೂ ಇಲ್ಲ.

ಮಂಗಳವಾರಕ್ಕೆ ಎರಡೇ ದಿನ ಇತ್ತು. ಭಾನುವಾರ ಬೆಳಿಗ್ಗೆ ಸಡಿಲ ಅಂಗಿ ಹಾಕಿಕೊಂಡು ಸಾತನೂರಿಗೆ ಹೊರಟ. ತಂಗಿಯನ್ನು ಕೇಳುತ್ತೇನೆ, ಬಾಯಿ ಬಿಟ್ಟು ಕೇಳುತ್ತೇನೆ, ನಾಲ್ಕು ದಿನ ಬಂದಿದ್ದು ಹೋಗು ಅಥವಾ ನನ್ನನ್ನೇ ಇಟ್ಟುಕೋ ಎನ್ನುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ರಾಮನಗರದಲ್ಲಿ ಒಂದು ಬಸ್ಸು, ಕನಕಪುರದಲ್ಲಿ ಇನ್ನೊಂದು. ಯಾವುದರಲ್ಲೂ ಒರಗಲಾಗದೆ, ಮುಂದಿನ ಸೀಟಿನ ಸರಳಿಗೆ ಹಣೆ ಕೊಟ್ಟು ಕೂತ.

ಅವನು ಅಂಗಳಕ್ಕೆ ಬಂದಾಗ ಸಿದ್ದಮ್ಮ ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತು ಹುಳದ ಮನೆಯ ಕಡೆ ಹೋಗುತ್ತಿದ್ದಳು. ಅಣ್ಣನನ್ನು ಕಂಡು ಮಂಕರಿ ಇಳಿಸಿ ಓಡಿ ಬಂದಳು. ಹತ್ತು ಮಾರು ಇರುವಾಗ ಗಕ್ಕನೆ ನಿಂತಳು. ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು.

"ಅಣ್ಣಯ್ಯ, ಅಲ್ಲೇ ನಿಂತ್ಕೊ. ಮುಲಾಮ್ ವಾಸ್ನೆ ಬತ್ತಾ ಐತೆ."

ರೇಷ್ಮೆ ಹುಳ ಸಾಕುವವರ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಳದ ಮನೆಗೆ ಹೂ ಮುಡಿದು ಹೋಗುವ ಹಾಗಿಲ್ಲ, ಬೀಡಿ ಸೇದಿ ಹೋಗುವ ಹಾಗಿಲ್ಲ, ಕೀವು ಔಷಧಿ ಮುಟ್ಟಿದ ಕೈಯಂತೂ ಕೂಡದು. ಅದೂ ಹುಳ ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು, ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವಿನಲ್ಲಿ ಇರುವಾಗ.

"ಗೊತ್ತು ಕಣವ್ವ, ನೀನು ಬರಬ್ಯಾಡ" ಎಂದು ಅವನೇ ನಾಲ್ಕು ಹೆಜ್ಜೆ ಹಿಂದೆ ಸರಿದ.

ಸಿದ್ದಮ್ಮನ ಗಂಡ ಕೃಷ್ಣಪ್ಪ ಹೊಂಗೆಮರದ ಕೆಳಗೆ ಚಾಪೆ ಹಾಸಿ, ಮುದ್ದೆ, ಬಸ್ಸಾರು ತಂದಿಟ್ಟ. ಭಾವನ ಆರೋಗ್ಯ ದೂರದಿಂದಲೇ ವಿಚಾರಿಸಿ, ಕೈ ತೊಳೆಯಲು ಹೋದ. ಸಿದ್ದಮ್ಮ ಅಂಗಳದ ಆ ಕೊನೆಯಲ್ಲಿ ನಿಂತು ಅಣ್ಣ ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ನೋಡುತ್ತಿದ್ದಳು.

"ಎಲ್ಲಿ, ಒಸಿ ತೋರ್ಸು."

ಅವನು ಅತ್ತ ತಿರುಗಿ ಅಂಗಿ ಎತ್ತಿದ. ಹಿಂದಿನಿಂದ ಅವಳು ಮೂಗು ಸೀಟಿದ್ದು ಕೇಳಿಸಿತು.

"ಒಸಿ ಬಿಸಿನೀರು ಅಂದ್ಯಲ್ಲೋ ಅಣ್ಣಯ್ಯ... ಯಾರ್ ಹಚ್ತಾರೆ ನಿಂಗೆ ಮುಲಾಮ? ಯಾರ್ ನೋಡ್ಕತಾರೆ?"

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ನಾಲಗೆಯ ತುದಿಗೆ ಬಂತು. ಅದೇ ಹೊತ್ತಿಗೆ ಒಳಗಿನಿಂದ ಕೃಷ್ಣಪ್ಪ ಕೂಗಿದ. "ಲೇ, ಸೊಪ್ಪು ಖಾಲಿ ಆಯ್ತು ಕಣೆ, ಉಳ ತಲೆ ಎತ್ಕಂಡವೆ." ಸಿದ್ದಮ್ಮ ಮಂಕರಿಯ ಕಡೆ ನೋಡಿದಳು, ಅಣ್ಣನ ಕಡೆ ನೋಡಿದಳು. ಅವಳ ಎರಡು ಕೈಯೂ ಬ್ಲೀಚಿಂಗ್ ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಬಿರಿದಿದ್ದವು. ತೊಂಬತ್ತು ದಿನಕ್ಕೆ ಒಂದು ಬೆಳೆ, ಅದೂ ನಿಂತಿರುವುದು ಈ ಎಂಟು ದಿನದ ಮೇಲೆ.

"ಅವ್ರೆ ಕಣೆ, ಪಕ್ಕದ್ ಮನೆಯೋರು ಅವ್ರೆ. ದಿನಾ ಹಚ್ತಾರೆ" ಎಂದ ಚೆಲುವಯ್ಯ, ಅಂಗಿ ಇಳಿಸಿ. "ನಿನ್ ನೋಡ್ಕಂಡ್ ಹೋಗಾನ ಅಂತ ಬಂದೆ, ಅಷ್ಟೆ. ಓಗು, ಸೊಪ್ಪು ಹಾಕೋಗು."

"ಗೂಡು ಬಿಡ್ಸಿ ರಾಮನಗರದ ಮಾರ್ಕೆಟ್ಟಿಗೆ ತತ್ತೀವಲ್ಲ, ಆಗ ನಾನೇ ಬತ್ತೀನಿ. ತಪ್ಪದೆ ಬತ್ತೀನಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳು ಮಂಕರಿ ಎತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಹುಳದ ಮನೆಯಿಂದ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ, ಹೊಂಗೆಮರದವರೆಗೂ ಕೇಳಿಸಿತು. ತಟ್ಟೆಯನ್ನು ತಾನೇ ತೊಳೆದಿಟ್ಟು ಮೂರು ಗಂಟೆಯ ಬಸ್ಸಿಗೆ ಹೊರಟ.

ಮಂಗಳವಾರ ಆಸ್ಪತ್ರೆಗೆ ಒಬ್ಬನೇ ಹೋದ. ಈ ಸಲ ಒಂದೇ ವಾಕ್ಯ ಜೋಡಿಸಿಕೊಂಡಿದ್ದ: ಮನೆಯಲ್ಲಿ ಯಾರೂ ಇಲ್ಲ ಸಿಸ್ಟರ್. ಟೋಕನ್ ಹಿಡಿದು ಬೆಂಚಿನ ಮೇಲೆ ಕೂತು ಅದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತವನು ತನ್ನನ್ನೇ ಮಾತಾಡಿಸುತ್ತಿದ್ದಾನೆಂದು "ಏನಂದ್ರಿ?" ಎಂದ. ಚೆಲುವಯ್ಯ ತಲೆಯಲ್ಲಾಡಿಸಿದ.

ಅಸ್ರಾ ಸಿಸ್ಟರ್ ಅಂಗಿ ತೆಗೆಸಿ, ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತಳು.

"ಇದೇನಿದು?" ಎಂದಳು. "ಬೆನ್ನಿನ ತುಂಬ ಬಟ್ಟೆ ನೇಯ್ಗೆಯ ಅಚ್ಚು ಕೂತಿದೆ. ಈ ಮಡಿಕೆಯಲ್ಲಿ ಒಂದು ದಿನವೂ ಎಣ್ಣೆ ಬಿದ್ದಿಲ್ಲ, ಇಲ್ಲಿ ನೋಡಿ, ದಾರದ ಹಾಗೆ ಎಳ್ಕೊಂಡಿದೆ. ಎಲ್ಲಿ, ಕೈ ಎತ್ತಿ?"

ಎತ್ತಿದ. ಮೊಣಕೈ ಹೆಗಲಿಗಿಂತ ಕೆಳಗೇ ನಿಂತಿತು.

"ಎಲ್ಲಿ ಅವ್ರು? ಬಂದಿಲ್ವಾ?"

"ಇಲ್ಲ ಸಿಸ್ಟರ್" ಎಂದ. ಜೋಡಿಸಿಕೊಂಡಿದ್ದ ವಾಕ್ಯಕ್ಕೆ ಬಾಯಿ ತೆರೆದ.

ಸಿಸ್ಟರಿಗೆ ಕೋಪ ಬಂದಿತ್ತು. "ಎಂಥಾ ಹೆಂಗಸ್ರೀ ಅವ್ರು! ಗಂಡ ಇಷ್ಟು ಸುಟ್ಕೊಂಡು ಬಂದಿದಾನೆ, ಹದಿನೈದು ದಿನದಲ್ಲಿ ಒಂದ್ ಸಲ ಕೈ ಇಟ್ಟಿಲ್ವಲ್ಲ! ಅಸಹ್ಯಾನಾ ಅವ್ರಿಗೆ? ಫೋನ್ ಮಾಡಿಕೊಡಿ, ನಾನ್ ಮಾತಾಡ್ತೀನಿ."

"ಬೈಬ್ಯಾಡಿ ಸಿಸ್ಟರ್." ಚೆಲುವಯ್ಯನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಅವಳ್ದೇನೂ ತಪ್ಪಿಲ್ಲ. ಉಳ ಸಾಕವ್ಳೆ. ನಾಕನೇ ಜ್ವರ ಎದ್ದವೆ. ಮುಲಾಮ್ ಮುಟ್ಟಿ ಉಳದ್ ಮನೆಗೆ ಓಗಂಗಿಲ್ಲ, ಉಳ ಸತ್ತೋಯ್ತವೆ. ಅವ್ಳು ದೂರದಲ್ ನಿಂತ್ಕಂಡು ಅಳ್ತಾಳೆ ಸಿಸ್ಟರ್. ಒಳ್ಳೇವ್ಳು. ನಾನೇ ಬ್ಯಾಡ ಅಂದೆ."

ಸಿಸ್ಟರ್ ಚನ್ನಪಟ್ಟಣದವಳು, ಹುಳದ ವಿಷಯ ಅವಳಿಗೂ ಗೊತ್ತಿತ್ತು. ಹಸಿಯಿದ್ದ ಜಾಗವನ್ನು ತೊಳೆದು ಮುಲಾಮು ಹಚ್ಚಿ ಮುಚ್ಚಿದಳು. "ಆಯ್ತು, ಗೂಡು ಕಟ್ಟಿದ ಮೇಲಾದ್ರೂ ಮಾಡ್ಲಿ. ಇನ್ನು ತಡ ಮಾಡಿದ್ರೆ ಈ ಕೈ ಬರಲ್ಲ. ನಿಮಗೇ ತೋರಿಸ್ತೀನಿ, ಹೋಗಿ ಅವ್ರಿಗೆ ಹೇಳಿ" ಎಂದು ಗ್ಲೌಸು ಕಳಚಿ, ಕೈ ತೊಳೆದು ಬಂದಳು. ಗ್ಲೌಸು ಹಾಕಿದರೆ ಎಣ್ಣೆಯಲ್ಲಿ ಜಾರುತ್ತದೆ, ಸರಿಯಾಗಿ ತೋರಿಸಲಾಗುವುದಿಲ್ಲ ಎಂದಳು.

ಅಂಗೈ ಅವನ ಹೆಗಲ ಮೂಳೆಯ ಮೇಲೆ ಕೂತಿತು. ಬೆಚ್ಚಗಿತ್ತು. "ಹೀಗೆ, ಒತ್ತಿ ಹಿಡಿದು, ಉಜ್ಜಬಾರದು, ಚರ್ಮವನ್ನ ಸಣ್ಣಗೆ ಸುತ್ತಿಸ್ತಾ ಬರಬೇಕು" ಎನ್ನುತ್ತ ಹೆಗಲಿನಿಂದ ತಗ್ಗಿಗೆ, ತಗ್ಗಿನಿಂದ ಕಂಕುಳಿನ ಮಡಿಕೆಗೆ ಬಂದಳು. ನೋವಾಗುತ್ತಿತ್ತು. ಮಡಿಕೆಯಲ್ಲಿ ಹೆಬ್ಬೆರಳು ಊರಿದಾಗ ಪ್ರಾಣ ಹೋದಂತಾಯಿತು. ಆದರೂ ಚೆಲುವಯ್ಯ ಉಸಿರು ಬಿಗಿಹಿಡಿದು ಅಲುಗಾಡದೆ ಕೂತಿದ್ದ. ಅಲುಗಾಡಿದರೆ ಕೈ ತೆಗೆದುಬಿಟ್ಟಾಳೆಂದು ಹೆದರಿದ್ದ. ಅವನ ಬೆನ್ನನ್ನು ಒಬ್ಬರು ಬರಿಗೈಯಿಂದ ಮುಟ್ಟಿ ಎಷ್ಟು ಕಾಲವಾಗಿತ್ತೆಂದು ನೆನಪಿಸಿಕೊಳ್ಳಲು ಹೋದ. ಅವ್ವ ಎಣ್ಣೆನೀರು ಹಾಕಿದ್ದು ಬಿಟ್ಟರೆ ಬೇರೆ ನೆನಪಾಗಲಿಲ್ಲ.

ಹೊರಗೆ ನಲವತ್ತೊಂದನೆಯ ಟೋಕನ್ ಕೂಗಿದರು.

"ಇಷ್ಟೇ" ಎಂದು ಸಿಸ್ಟರ್ ಕೈ ತೆಗೆದಳು. "ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಗೊತ್ತಾಯ್ತಲ್ಲ, ಹೇಳ್ತೀರಲ್ಲ ಅವ್ರಿಗೆ?"

ಚೆಲುವಯ್ಯ ಅಂಗಿಗೆ ಕೈ ಚಾಚಲಿಲ್ಲ. ಎದುರಿನ ಗೋಡೆ ನೋಡುತ್ತ ಹಾಗೇ ಕೂತಿದ್ದ.

"ಇನ್ನೊಂದ್ ಸಲ ತೋರ್ಸಿ ಸಿಸ್ಟರ್" ಎಂದ. "ಅವ್ಳಿಗೆ ಸರಿಯಾಗಿ ಹೇಳ್ಬೇಕಲ್ಲ."

ಅಸ್ರಾ ಸಿಸ್ಟರ್ ಟವೆಲಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವನ ಹಿಂತಲೆಯನ್ನು ನೋಡಿದಳು. ಬಾಗಿಲ ಬಳಿ ನಲವತ್ತೊಂದನೆಯವನು ಇಣುಕಿದ. ಒಂದು ನಿಮಿಷ ಎಂದು ಅವನಿಗೆ ಸನ್ನೆ ಮಾಡಿ, ಅವಳು ಇನ್ನೊಂದು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಅಂಗೈಗೆ ಮತ್ತೆ ಎಣ್ಣೆ ಸುರಿದುಕೊಂಡಳು.